ವಾರಕ್ಕೊಂದು ಗಂಟೆ: ಬೀದಿಯ ನೈರ್ಮಲ್ಯ ಮತ್ತು ಕುಟುಂಬದ ಆರೋಗ್ಯ

(ಪಟ್ಟಣದ ಬಡಾವಣೆಯೊಂದರ ನಿವಾಸಿಗಳು ಹಾಗೂ ಮಹಿಳಾ ಮಂಡಲದ ಸದಸ್ಯೆಯರ ಸಭೆಯಲ್ಲಿ ಸರ್ಕಾರಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ಮಳೆಗಾಲ ಸಮೀಪಿಸುತ್ತಿರುವ ಈ ದಿನಗಳಲ್ಲಿ ಬೀದಿಯ ನೈರ್ಮಲ್ಯದ ವಿಷಯವಾಗಿ ಕೆಲವು ಮಾತುಗಳನ್ನು ಹೇಳಬೇಕೆಂದು ತಾವು ನನ್ನನ್ನು ಇಲ್ಲಿಗೆ ಬರಮಾಡಿಕೊಂಡಿದ್ದೀರಿ. ಕಸದ ವಿಚಾರ ಪುರಸಭೆಗೆ ಸೇರಿದ್ದು, ಅದಕ್ಕೆ ವೈದ್ಯರನ್ನು ಏಕೆ ಕರೆಯಬೇಕು ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಆದರೆ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಕುಳಿತು ನೋಡಿದವರಿಗೆ ಈ ಸಂದೇಹ ಉಳಿಯುವುದಿಲ್ಲ. ಜ್ವರದಿಂದ ಬಳಲುವ ಮಕ್ಕಳು, ವಾಂತಿಭೇದಿಯಿಂದ ಸೊರಗಿದ ಕೂಸುಗಳು, ಕೀಲುನೋವಿನಿಂದ ಎದ್ದು ನಿಲ್ಲಲಾರದ ಹಿರಿಯರು ಸಾಲುಗಟ್ಟಿ ಬರುತ್ತಾರೆ. ಇವರಲ್ಲಿ ಎಷ್ಟೋ ಮಂದಿಯ ಕಾಯಿಲೆಯ ಮೂಲ ಅವರ ಮನೆಯಿಂದ ಹತ್ತು ಹೆಜ್ಜೆ ದೂರದ ಬೀದಿಯಲ್ಲಿಯೇ ಇರುತ್ತದೆ. ನಾವು ಕೊಡುವ ಔಷಧಿ ಕಾಯಿಲೆಯನ್ನು ಗುಣಪಡಿಸಬಹುದು, ಅದರ ಮೂಲವನ್ನು ತೆಗೆಯಲಾರದು. ಮೂಲವನ್ನು ತೆಗೆಯುವ ಶಕ್ತಿ ನಿಮ್ಮ ಕೈಯಲ್ಲಿದೆ. ಅದನ್ನು ಬಳಸುವ ಬಗೆ ಹೇಗೆಂಬುದೇ ಈ ದಿನದ ವಿಷಯ.

ಮನೆಯ ಶುಚಿ, ಬೀದಿಯ ಶುಚಿ

ಸ್ವಂತ ಮನೆಯ ಶುಚಿತ್ವದಲ್ಲಿ ನಮ್ಮ ಹೆಣ್ಣುಮಕ್ಕಳು ಯಾರಿಗೂ ಕಡಿಮೆಯಿಲ್ಲ. ಬೆಳಗಾಗುವುದರೊಳಗೆ ಕಸ ಗುಡಿಸಿ, ಅಂಗಳಕ್ಕೆ ನೀರು ಚಿಮುಕಿಸಿ, ಹೊಸ್ತಿಲಿಗೆ ರಂಗೋಲಿ ಹಾಕುವ ಸಂಪ್ರದಾಯ ನಮ್ಮದು. ಆದರೆ ಗುಡಿಸಿದ ಕಸ ಎಲ್ಲಿಗೆ ಹೋಗುತ್ತದೆ? ಹೊಸ್ತಿಲಿನಿಂದ ಅಂಗಳಕ್ಕೆ, ಅಂಗಳದಿಂದ ಚರಂಡಿಗೆ ಅಥವಾ ಪಕ್ಕದ ಖಾಲಿ ನಿವೇಶನಕ್ಕೆ. ಅಲ್ಲಿಗೆ ನಮ್ಮ ಜವಾಬ್ದಾರಿ ಮುಗಿಯಿತೆಂದು ಭಾವಿಸುತ್ತೇವೆ. ಕಾಂಪೌಂಡಿನ ಒಳಗಿನದು ನಮ್ಮದು, ಹೊರಗಿನದು ಊರಿನದು ಎಂಬ ಈ ಗೆರೆಯನ್ನು ಎಳೆದುಕೊಂಡವರು ನಾವು. ಸೊಳ್ಳೆಗೆ, ನೊಣಕ್ಕೆ, ಇಲಿಗೆ ಈ ಗೆರೆ ಕಾಣಿಸುವುದಿಲ್ಲ. ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆ ಸಾಮಾನ್ಯವಾಗಿ ತಾನು ಹುಟ್ಟಿದ ಸ್ಥಳದಿಂದ 400 ಮೀಟರಿಗಿಂತ ದೂರ ಹಾರುವುದಿಲ್ಲ. ಇದರ ಅರ್ಥವೇನು? ನಿಮ್ಮ ಮಗುವನ್ನು ಕಚ್ಚುವ ಸೊಳ್ಳೆ ಬೇರೆ ಊರಿನಿಂದ ಬಂದುದಲ್ಲ. ಅದು ನಿಮ್ಮ ಬೀದಿಯಲ್ಲಿಯೋ ಹಿಂದಿನ ಬೀದಿಯಲ್ಲಿಯೋ ಹುಟ್ಟಿ ಬೆಳೆದದ್ದು. ಆದುದರಿಂದ ಒಬ್ಬರು ತಮ್ಮ ಮನೆಯನ್ನು ಎಷ್ಟೇ ಚೊಕ್ಕಟವಾಗಿಟ್ಟುಕೊಂಡರೂ ನೆರೆಹೊರೆಯವರು ಜೊತೆಗೂಡದ ಹೊರತು ರಕ್ಷಣೆ ಪೂರ್ಣವಾಗದು.

ಬೀದಿಯ ಕಸದಲ್ಲಿ ಅಡಗಿರುವ ರೋಗಗಳು

ಒಂದು ಖಾಲಿ ನಿವೇಶನದ ಕಸವನ್ನು ಸ್ವಲ್ಪ ಗಮನವಿಟ್ಟು ನೋಡೋಣ. ಎಳನೀರಿನ ಬುರುಡೆ, ತೆಂಗಿನ ಚಿಪ್ಪು, ಮೊಸರಿನ ಕಪ್ಪು, ಚಹಾ ಕುಡಿದು ಎಸೆದ ಲೋಟ, ಒಡೆದ ಕುಂಡ, ಹಳೆಯ ಟೈರು, ಮುಚ್ಚಳ ಕಳೆದುಕೊಂಡ ಡಬ್ಬಿ, ಪ್ಲಾಸ್ಟಿಕ್ ಹಾಳೆಯ ಮಡಿಕೆಗಳು. ಒಂದು ಮಳೆ ಬಿದ್ದರೆ ಸಾಕು, ಇವೆಲ್ಲವೂ ಪುಟ್ಟ ಪುಟ್ಟ ಕೊಳಗಳಾಗುತ್ತವೆ. ಈಡಿಸ್ ಸೊಳ್ಳೆ ಗಟಾರದ ಕೊಳಕು ನೀರಿಗಿಂತ ಇಂತಹ ತಿಳಿನೀರನ್ನೇ ಹೆಚ್ಚಾಗಿ ಬಯಸುತ್ತದೆ. ಡೆಂಗಿ ಮತ್ತು ಚಿಕೂನ್‌ಗುನ್ಯ ಎರಡನ್ನೂ ಹರಡುವುದು ಇದೇ ಸೊಳ್ಳೆ. 2006ರಲ್ಲಿ ಚಿಕೂನ್‌ಗುನ್ಯ ನಮ್ಮ ರಾಜ್ಯದ ಹಳ್ಳಿಹಳ್ಳಿಗೂ ಹಬ್ಬಿ, ದುಡಿಯುವವರನ್ನು ತಿಂಗಳುಗಟ್ಟಲೆ ಹಾಸಿಗೆ ಹಿಡಿಸಿದ್ದು ಹಿರಿಯರಿಗೆ ನೆನಪಿರಬಹುದು. ಇನ್ನು ಪ್ಲಾಸ್ಟಿಕ್ ಚೀಲಗಳು ಕಟ್ಟಿಕೊಂಡು ನಿಂತ ಚರಂಡಿಯ ಕೊಳೆನೀರಿನಲ್ಲಿ ಕ್ಯೂಲೆಕ್ಸ್ ಎಂಬ ಬೇರೊಂದು ಸೊಳ್ಳೆ ಬೆಳೆಯುತ್ತದೆ. ಆನೆಕಾಲು ರೋಗವನ್ನು ಹರಡುವುದು ಈ ಜಾತಿ.

ಹಸಿಕಸದ ಗುಡ್ಡೆಯ ಮೇಲೆ ನೊಣ ಮೊಟ್ಟೆಯಿಡುತ್ತದೆ. ಆ ನೊಣವೇ ಕೊಳಕಿನ ಮೇಲೆ ಕುಳಿತು, ಅನಂತರ ಮಗುವಿನ ಹಾಲಿನ ಬಟ್ಟಲಿನ ಮೇಲೆ ಕುಳಿತು ವಾಂತಿಭೇದಿ, ಆಮಶಂಕೆಗಳ ರೋಗಾಣುಗಳನ್ನು ಸಾಗಿಸುತ್ತದೆ. ಉಳಿದ ಅನ್ನ, ಮಾಂಸದ ಚೂರುಗಳು ಇಲಿಗಳನ್ನೂ ಬೀದಿನಾಯಿಗಳನ್ನೂ ಕರೆಯುತ್ತವೆ. ಇಲಿಯ ಮೂತ್ರ ಬೆರೆತ ನೀರಿನಲ್ಲಿ ಬರಿಗಾಲಿನಲ್ಲಿ ನಡೆದವರಿಗೆ, ವಿಶೇಷವಾಗಿ ಕಾಲಿನಲ್ಲಿ ಗಾಯವಿದ್ದವರಿಗೆ, ಇಲಿಜ್ವರ ತಗಲುತ್ತದೆ. ಇದು ಮೂತ್ರಪಿಂಡ ಹಾಗೂ ಯಕೃತ್ತಿಗೆ ಅಪಾಯಕಾರಿ. ನಾಯಿಗಳು ಕಸದ ಗುಡ್ಡೆಗಾಗಿ ಕಾದಾಡುವ ಸ್ಥಳದಲ್ಲಿ ಶಾಲೆಗೆ ಹೋಗುವ ಮಕ್ಕಳು ಕಡಿತಕ್ಕೊಳಗಾಗುತ್ತಾರೆ. ದನಗಳು ಚೀಲದೊಂದಿಗೆ ತಿಂಡಿಯನ್ನು ನುಂಗಿ, ಹೊಟ್ಟೆಯಲ್ಲಿ ಪ್ಲಾಸ್ಟಿಕ್ ತುಂಬಿಕೊಂಡು ಸಾಯುತ್ತವೆ. ಹೀಗೆ ಒಂದೇ ಕಸದ ಗುಡ್ಡೆಯ ಸುತ್ತ ನಾಲ್ಕಾರು ರೋಗಗಳು ಮನೆ ಮಾಡಿಕೊಂಡಿರುತ್ತವೆ.

ಏಳು ದಿನಗಳ ಲೆಕ್ಕ

ಈಗ ನಾನು ಹೇಳಲಿರುವ ಅಂಶವನ್ನು ತಾವು ವಿಶೇಷವಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಸೊಳ್ಳೆ ನೀರಿನ ಅಂಚಿನಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದು ಹುಳುವಾಗುತ್ತದೆ, ಹುಳು ಕೋಶವಾಗುತ್ತದೆ, ಕೋಶದಿಂದ ಸೊಳ್ಳೆ ಹೊರಬರುತ್ತದೆ. ನಮ್ಮ ನಾಡಿನ ಬೆಚ್ಚನೆಯ ಹವೆಯಲ್ಲಿ ಇಷ್ಟಕ್ಕೂ ಬೇಕಾಗುವ ಕಾಲ ಸುಮಾರು ಏಳರಿಂದ ಹತ್ತು ದಿನ. ನೊಣದ ಲೆಕ್ಕವೂ ಹೆಚ್ಚುಕಡಿಮೆ ಇಷ್ಟೇ. ಅಂದರೆ, ವಾರಕ್ಕೊಮ್ಮೆ ತಪ್ಪದೆ ನಿಂತ ನೀರನ್ನು ಚೆಲ್ಲಿ, ಕಸವನ್ನು ಸಾಗಿಸಿದರೆ ಹುಳುವಾಗಿದ್ದುದು ಸೊಳ್ಳೆಯಾಗುವುದಕ್ಕೆ ಮುನ್ನವೇ ನಾಶವಾಗುತ್ತದೆ. ಎರಡು ವಾರ ಬಿಟ್ಟರೆ ಒಂದು ಪೀಳಿಗೆ ರೆಕ್ಕೆ ಬಲಿತು ಹಾರಿಹೋಗಿರುತ್ತದೆ. ಗಾಂಧಿ ಜಯಂತಿಯಂದು ಪೊರಕೆ ಹಿಡಿದು ಛಾಯಾಚಿತ್ರ ತೆಗೆಸಿಕೊಂಡು, ಮುಂದಿನ ಗಾಂಧಿ ಜಯಂತಿಯವರೆಗೆ ಪೊರಕೆಯನ್ನು ಮೂಲೆಗಿಟ್ಟರೆ ರೋಗ ಹತೋಟಿಗೆ ಬಾರದಿರುವ ಕಾರಣ ಇದೇ. ವರ್ಷಕ್ಕೊಂದು ದಿನದ ಉತ್ಸಾಹಕ್ಕಿಂತ ವಾರಕ್ಕೊಂದು ಗಂಟೆಯ ಶ್ರದ್ಧೆ ದೊಡ್ಡದು.

ಇನ್ನೊಂದು ಸಂಗತಿ. ಈಡಿಸ್ ಸೊಳ್ಳೆಯ ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿಕೊಂಡು, ನೀರು ಬತ್ತಿದ ಮೇಲೂ ತಿಂಗಳುಗಟ್ಟಲೆ ಜೀವಂತವಾಗಿರಬಲ್ಲದು. ಬೇಸಿಗೆಯಲ್ಲಿ ಒಣಗಿ ಬಿದ್ದಿರುವ ಚಿಪ್ಪು, ಟೈರುಗಳನ್ನು ನೋಡಿ ಅಲ್ಲಿ ನೀರೇ ಇಲ್ಲವೆಂದು ನಾವು ಸುಮ್ಮನಿರುತ್ತೇವೆ. ಆದರೆ ರೈತನು ಬಿತ್ತಿದ ಬೀಜ ಮಳೆಗಾಗಿ ಕಾದಿರುವಂತೆ ಆ ಮೊಟ್ಟೆಗಳೂ ಮಳೆಗಾಗಿ ಕಾದಿರುತ್ತವೆ. ಆದ್ದರಿಂದ ಮೊದಲ ಮಳೆಗೆ ಮುಂಚೆಯೇ ಬೀದಿಯ ಕಸವನ್ನು ತೆಗೆಯುವುದು ಉತ್ತಮ. ನೀರು ತುಂಬುವ ಡ್ರಮ್ಮು, ತೊಟ್ಟಿಗಳನ್ನು ಬರಿದೆ ಖಾಲಿ ಮಾಡಿದರೆ ಸಾಲದು. ಒಳಗೋಡೆಯನ್ನು ಚೆನ್ನಾಗಿ ಉಜ್ಜಿ ತೊಳೆದು, ಒಣಗಿಸಿ, ಅನಂತರ ನೀರು ತುಂಬಿ ಮುಚ್ಚಬೇಕು.

ಈ ವಿಷಯ ಹೊಸದೇನೂ ಅಲ್ಲ. 1883ರ ಸುಮಾರಿನಲ್ಲಿ ಬೆಂಗಳೂರಿನ ದಂಡುಪ್ರದೇಶದಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ವೈದ್ಯರು ಕೆಲಸದಲ್ಲಿದ್ದರು. ತಮ್ಮ ಬಂಗಲೆಯಲ್ಲಿ ಸೊಳ್ಳೆಯ ಕಾಟ ವಿಪರೀತವಾದಾಗ ಅವರು ಕಾರಣ ಹುಡುಕಿದರು. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಹುಳುಗಳು ಓಡಾಡುತ್ತಿದ್ದವು. ತೊಟ್ಟಿಯನ್ನು ಮಗುಚಿ ಹಾಕಿಸಿದರು, ಕಾಟ ತಗ್ಗಿತು. ಅದೇ ಕೆಲಸವನ್ನು ಇತರ ಕಟ್ಟಡಗಳಲ್ಲಿಯೂ ಮಾಡಿಸೋಣವೆಂದು ಸೂಚಿಸಿದಾಗ ಅಲ್ಲಿನ ಸೇನಾಧಿಕಾರಿಯೊಬ್ಬರು ಒಪ್ಪಲಿಲ್ಲವಂತೆ. ಸೊಳ್ಳೆಗಳೂ ಸೃಷ್ಟಿಯ ನಿಯಮಕ್ಕೆ ಸೇರಿದವು, ಅವುಗಳನ್ನು ಸಹಿಸಿಕೊಳ್ಳುವುದೇ ನಮ್ಮ ಕರ್ತವ್ಯ ಎಂಬುದು ಅವರ ವಾದ. ಇದೇ ರಾಸ್ ಅವರು 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ರೋಗಾಣುವನ್ನು ಕಂಡುಹಿಡಿದು, 1902ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ನೂರನಲವತ್ತು ವರ್ಷಗಳು ಕಳೆದವು. ತೊಟ್ಟಿ ಮಗುಚುವ ಉಪಾಯ ಇಂದಿಗೂ ಹಳತಾಗಿಲ್ಲ. ನಮ್ಮಿಂದ ಏನಾದೀತು ಎಂಬ ಆ ಅಧಿಕಾರಿಯ ಮನೋಭಾವವೂ ದುರದೃಷ್ಟವಶಾತ್ ನಮ್ಮಲ್ಲಿ ಉಳಿದುಕೊಂಡಿದೆ.

ಜ್ವರದ ಪ್ರಕರಣ ಕಂಡಕೂಡಲೇ ಹೊಗೆ ಹೊಡೆಸಿ ಎಂದು ಜನರು ನಮ್ಮನ್ನು ಕೇಳುತ್ತಾರೆ. ಹೊಗೆಯಿಂದ ಆ ಹೊತ್ತಿನಲ್ಲಿ ಹಾರಾಡುತ್ತಿರುವ ಸೊಳ್ಳೆಗಳು ಮಾತ್ರ ಸಾಯುತ್ತವೆ. ಚಿಪ್ಪಿನ ನೀರಿನಲ್ಲಿರುವ ಹುಳುಗಳಿಗೆ ಅದು ತಟ್ಟುವುದಿಲ್ಲ. ನಾಲ್ಕು ದಿನ ಕಳೆದರೆ ಹೊಸ ಸೊಳ್ಳೆಗಳು ಸಿದ್ಧವಾಗಿರುತ್ತವೆ. ರೋಗ ಹರಡಿದಾಗ ಹೊಗೆಗೆ ತನ್ನದೇ ಆದ ಸ್ಥಾನವಿದೆಯಾದರೂ ಅದು ಪೊರಕೆಯ ಕೆಲಸವನ್ನು ಮಾಡಲಾರದು.

ಒಂದು ಬೀದಿಯ ಅನುಭವ

ನಾನು ಸೇವೆ ಸಲ್ಲಿಸಿದ ಒಂದು ಪಟ್ಟಣದ ಬೀದಿಯ ಸಂಗತಿಯನ್ನು ಇಲ್ಲಿ ಹೇಳುವುದು ಉಚಿತವೆಂದು ಭಾವಿಸುತ್ತೇನೆ. ಮಳೆಗಾಲದಲ್ಲಿ ಒಂಬತ್ತು ವರ್ಷದ ಬಾಲಕಿಯೊಬ್ಬಳು ಡೆಂಗಿ ಜ್ವರದಿಂದ ಆಸ್ಪತ್ರೆ ಸೇರಿದಳು. ಜ್ವರ ಇಳಿದ ದಿನವೇ ಅವಳಿಗೆ ಹೊಟ್ಟೆನೋವು, ವಾಂತಿ ಕಾಣಿಸಿಕೊಂಡು, ಎರಡು ರಾತ್ರಿ ಅವಳ ತಾಯಿ ಹಾಸಿಗೆಯ ಪಕ್ಕದಿಂದ ಏಳಲಿಲ್ಲ. ಮೂರನೆಯ ದಿನ ಮಗು ಚೇತರಿಸಿಕೊಂಡಿತು. ಆಗ ಆ ತಾಯಿ ನನ್ನನ್ನು ಕೇಳಿದ ಪ್ರಶ್ನೆ ಇದು: “ನಮ್ಮ ಮನೇಲಿ ಒಂದು ಹನಿ ನೀರು ನಿಲ್ಲಕ್ಕೆ ಬಿಡಲ್ಲ ಡಾಕ್ಟರಮ್ಮ, ನನ್ನ ಮಗೂಗೆ ಇದು ಹೇಗೆ ಬಂತು?”

ಆರೋಗ್ಯ ನಿರೀಕ್ಷಕರೂ ಆಶಾ ಕಾರ್ಯಕರ್ತೆಯೂ ನಾನೂ ಆ ಬೀದಿಗೆ ಹೋಗಿ ಮನೆಮನೆಯನ್ನೂ ಪರೀಕ್ಷಿಸಿದೆವು. ಆ ತಾಯಿಯ ಮಾತು ನಿಜವಾಗಿತ್ತು. ಡ್ರಮ್ಮುಗಳಿಗೆ ಬಟ್ಟೆ ಕಟ್ಟಿದ್ದರು, ಹಿತ್ತಿಲು ಕನ್ನಡಿಯಂತಿತ್ತು. ಆದರೆ ಹಿತ್ತಿಲ ಗೋಡೆಯ ಆಚೆಗಿದ್ದ ಖಾಲಿ ನಿವೇಶನದಲ್ಲಿ ಇಡೀ ಬೀದಿಯ ಕಸವಿತ್ತು. ಮೊಸರಿನ ಕಪ್ಪು, ಚಿಪ್ಪು, ಎರಡು ಟೈರುಗಳಲ್ಲಿ ಹುಳುಗಳು ತುಂಬಿದ್ದವು. ಬಿಳಿಯ ತಟ್ಟೆಯೊಂದಕ್ಕೆ ಆ ನೀರನ್ನು ಸುರಿದು ಬೀದಿಯವರಿಗೆ ತೋರಿಸಿದೆವು. ಹುಳುಗಳು ಮಿಸುಕಾಡುವುದನ್ನು ಕಣ್ಣಾರೆ ಕಂಡ ಮೇಲೆ ಹೆಚ್ಚಿನ ಉಪನ್ಯಾಸದ ಅಗತ್ಯ ಬೀಳಲಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಎಲ್ಲರೂ ಸೇರುವುದೆಂದು ಅಲ್ಲಿಯೇ ನಿಶ್ಚಯವಾಯಿತು.

ಮೊದಲ ಭಾನುವಾರ ಇಪ್ಪತ್ತಕ್ಕೂ ಹೆಚ್ಚು ಮಂದಿ ಬಂದರು. ನಿವೇಶನ ಶುಚಿಯಾಯಿತು. ಅಜ್ಜಿಯೊಬ್ಬರು ಎಲ್ಲರಿಗೂ ಮಜ್ಜಿಗೆ ಕೊಟ್ಟರು. ಎರಡನೆಯ ವಾರ ಬಂದವರು ಎಂಟೇ ಮಂದಿ. ಅಷ್ಟರಲ್ಲಿ ಅದೇ ಜಾಗದಲ್ಲಿ ಮತ್ತೆ ಕಸದ ಚೀಲಗಳು ಬಿದ್ದಿದ್ದವು. “ನಾವು ಕಂದಾಯ ಕಟ್ಟೋದು ಯಾತಕ್ಕೆ? ಎಷ್ಟು ಎತ್ತಿದರೂ ಇಷ್ಟೇ” ಎಂದು ಕೆಲವರು ಬೇಸರಗೊಂಡರು. ಕಸ ಎಸೆಯುವವರನ್ನು ಹಿಡಿದು ದಂಡ ಹಾಕಿಸಬೇಕೆಂದು ಮತ್ತೆ ಕೆಲವರು ಆಗ್ರಹಪಡಿಸಿದರು. ಆಗ ಅದೇ ಅಜ್ಜಿ, “ಹಿಡಿಯೋದು ಆಮೇಲೆ ಆಗಲಿ. ಯಾರು, ಯಾಕೆ ಹಾಕ್ತಾರೆ ಅಂತ ಮೊದಲು ಕೇಳ್ರಪ್ಪ” ಎಂದರು. ವಿಚಾರಿಸಿದಾಗ ತಿಳಿದುಬಂದದ್ದು ಇಷ್ಟು. ಆ ಬೀದಿಯ ಕೊನೆಯ ಬಾಡಿಗೆ ಮನೆಗಳಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳಿದ್ದರು. ಅವರು ಬೆಳಿಗ್ಗೆ ಏಳೂವರೆಗೆಲ್ಲ ಮನೆ ಬಿಡುತ್ತಿದ್ದರು. ಕಸದ ಗಾಡಿ ಬರುತ್ತಿದ್ದುದು ಒಂಬತ್ತಕ್ಕೆ. ಬಾಗಿಲಲ್ಲಿ ಇಟ್ಟುಹೋದರೆ ನಾಯಿ ಎಳೆದಾಡುತ್ತಿತ್ತು. ಹೀಗಾಗಿ ಹೋಗುವ ದಾರಿಯಲ್ಲಿ ಚೀಲವನ್ನು ನಿವೇಶನಕ್ಕೆ ಎಸೆಯುವುದು ಅವರಿಗೆ ಅನಿವಾರ್ಯವಾಗಿತ್ತು.

ಪರಿಹಾರ ಬಹಳ ಸುಲಭವಾಗಿತ್ತು. ಆ ಹೆಣ್ಣುಮಕ್ಕಳು ಮುಚ್ಚಳವಿರುವ ಬಕೆಟ್ಟುಗಳನ್ನು ಅಜ್ಜಿಯ ಗೇಟಿನೊಳಗೆ ಇಟ್ಟುಹೋಗುವುದು, ಗಾಡಿ ಬಂದಾಗ ಅಜ್ಜಿಯ ಮನೆಯವರು ಅದನ್ನು ಕೊಡುವುದು ಎಂದಾಯಿತು. ಅಂದಿನಿಂದ ನಿವೇಶನಕ್ಕೆ ಬೀಳುತ್ತಿದ್ದ ಕಸದ ಬಹುಪಾಲು ನಿಂತಿತು. ಆ ಹೆಣ್ಣುಮಕ್ಕಳು ತಮ್ಮ ರಜೆಯ ದಿನವಾದ ಭಾನುವಾರ ತಾವಾಗಿಯೇ ಪೊರಕೆ ಹಿಡಿದು ಬರತೊಡಗಿದರು. ಬೈಗುಳದಿಂದಲೂ ಫಲಕಗಳಿಂದಲೂ ಆಗದ ಕೆಲಸ ನೆರೆಮನೆಯವರ ಕಷ್ಟವನ್ನು ಕೇಳಿ ತಿಳಿದುದರಿಂದ ಆಯಿತು. ಬೀದಿಯಲ್ಲಿ ಕಸ ಬೀಳುವ ಪ್ರತಿಯೊಂದು ಸ್ಥಳಕ್ಕೂ ಇಂತಹುದೊಂದು ಕಾರಣವಿರುತ್ತದೆ. ಆ ಕಾರಣವನ್ನು ಅರಿಯಬಲ್ಲವರು ಅದೇ ಬೀದಿಯಲ್ಲಿ ವಾಸಿಸುವವರು ಮಾತ್ರ. ನೆರೆಹೊರೆಯವರ ಸೇವೆಗೆ ಇರುವ ಬೆಲೆ ಇದು.

ಹಿಂದಿನ ಅನುಭವಗಳ ಪಾಠ

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಮಾರಿ ಬಂದು ಸಾವಿರಾರು ಜನರು ಬಲಿಯಾದರು. ಇಕ್ಕಟ್ಟಾದ, ಗಾಳಿ ಬೆಳಕಿಲ್ಲದ ಬೀದಿಗಳ ಅಪಾಯವನ್ನು ಅರಿತ ಮೇಲೆಯೇ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಅಗಲವಾದ ರಸ್ತೆಗಳೊಂದಿಗೆ ಬೆಳೆದವು. 1994ರಲ್ಲಿ ಗುಜರಾತಿನ ಸೂರತ್ ನಗರದಲ್ಲಿ ಪ್ರವಾಹದ ಬಳಿಕ ಕಸವೂ ಸತ್ತ ಪ್ರಾಣಿಗಳೂ ಬೀದಿಯಲ್ಲಿ ಕೊಳೆತು, ಪ್ಲೇಗಿನ ಭೀತಿಯಿಂದ ಲಕ್ಷಾಂತರ ಜನರು ಊರು ಬಿಟ್ಟರು. ಅನಂತರದ ವರ್ಷಗಳಲ್ಲಿ ಅದೇ ನಗರ ಶಿಸ್ತಿನಿಂದ ಕಸ ವಿಲೇವಾರಿ ಮಾಡಿ ದೇಶಕ್ಕೆ ಮಾದರಿಯೆನಿಸಿತು. ರೋಗ ಬಂದ ಮೇಲೆ ಕಲಿಯುವ ಪಾಠಕ್ಕೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು ಈ ಎರಡೂ ನಿದರ್ಶನಗಳು ತಿಳಿಸುತ್ತವೆ.

ರೋಗಕ್ಕೆ ಮುಂಚೆಯೇ ಎಚ್ಚೆತ್ತ ನಿದರ್ಶನಗಳೂ ನಮ್ಮ ನಾಡಿನಲ್ಲಿವೆ. 1924ರ ಡಿಸೆಂಬರ್‌ನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಯಂಸೇವಕರು ಶಿಬಿರದ ನೈರ್ಮಲ್ಯದ ಕೆಲಸವನ್ನು ತಾವೇ ವಹಿಸಿಕೊಂಡಿದ್ದರು. ಶುಚಿ ಮಾಡುವ ಕೆಲಸ ಒಂದು ಜಾತಿಯದು ಎಂಬ ಭಾವನೆಯನ್ನು ಅಳಿಸುವುದೂ ಅದರ ಉದ್ದೇಶವಾಗಿತ್ತು. ನಮ್ಮ ಕಾಲದಲ್ಲಿ, ಬೆಂಗಳೂರಿನಲ್ಲಿ 2010ರಿಂದ ಹೆಸರು ಹೇಳಿಕೊಳ್ಳದ ನಾಗರಿಕರ ತಂಡವೊಂದು ಕಸ ಬೀಳುವ ಮೂಲೆಗಳನ್ನು ಶುಚಿಮಾಡಿ, ಗೋಡೆಗೆ ಬಣ್ಣ ಬಳಿದು, ಗಿಡದ ಕುಂಡಗಳನ್ನಿಟ್ಟು ಬರುವ ಪದ್ಧತಿಯನ್ನು ಬೆಳೆಸಿತು. ಮಂಗಳೂರಿನಲ್ಲಿ 2015ರಿಂದ ರಾಮಕೃಷ್ಣ ಮಿಷನ್ನಿನ ಆಶ್ರಯದಲ್ಲಿ ಸ್ವಯಂಸೇವಕರು ಭಾನುವಾರಗಳಂದು ಶ್ರಮದಾನ ನಡೆಸಿಕೊಂಡು ಬಂದರು. ಶುಚಿಯಾದ ಸ್ಥಳವನ್ನು ಬರಿದಾಗಿ ಬಿಡಬಾರದು, ಹಾಗೂ ಕೆಲಸ ವಾರದಿಂದ ವಾರಕ್ಕೆ ಮುಂದುವರಿಯಬೇಕು ಎಂಬ ಎರಡು ಪಾಠಗಳನ್ನು ನಾವು ಇವರಿಂದ ಕಲಿಯಬಹುದು.

ಕೆಲಸದ ಕ್ರಮ

ಇನ್ನು ನಿಮ್ಮ ಬೀದಿಯಲ್ಲಿ ಈ ಕೆಲಸವನ್ನು ಆರಂಭಿಸುವ ಕ್ರಮವನ್ನು ಹೇಳುತ್ತೇನೆ.

ಮೊದಲನೆಯದಾಗಿ, ನಾಲ್ಕೈದು ಮಂದಿ ಒಟ್ಟಾಗಿ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನಡೆದುಹೋಗಿ. ಕಸ ಎಲ್ಲಿ ಬೀಳುತ್ತದೆ, ನೀರು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳಿ. ಪಂಕ್ಚರ್ ಅಂಗಡಿಯ ಟೈರುಗಳನ್ನು, ಎಳನೀರು ಮಾರುವವರ ಬುರುಡೆಗಳನ್ನು, ಕಟ್ಟಡ ಕೆಲಸ ನಡೆಯುವಲ್ಲಿನ ನೀರಿನ ತೊಟ್ಟಿಗಳನ್ನು ಮರೆಯಬೇಡಿ. ಅವರನ್ನೂ ಸಭೆಗೆ ಕರೆಯಿರಿ. ಅವರನ್ನು ಹೊರಗಿಟ್ಟು ಬೀದಿ ಶುಚಿಯಾಗದು.

ಎರಡನೆಯದಾಗಿ, ಕೆಲಸದ ದಿನವನ್ನು ಪುರಸಭೆಯ ಅಥವಾ ಪಂಚಾಯಿತಿಯ ಕಚೇರಿಗೆ ಮುಂಚಿತವಾಗಿ ತಿಳಿಸಿ, ರಾಶಿ ಮಾಡಿದ ಕಸವನ್ನು ಅಂದೇ ಒಯ್ಯಲು ಗಾಡಿಯ ಏರ್ಪಾಡು ಮಾಡಿಕೊಳ್ಳಿ. ಗಾಡಿಯಿಲ್ಲದೆ ಕೆಲಸ ಆರಂಭಿಸಿದರೆ ಈ ಬೀದಿಯ ಕಸ ಪಕ್ಕದ ಬೀದಿಗೆ ಹೋಗುತ್ತದೆ. ಹಾಗೆ ಮಾಡಿದರೆ ಜಗಳ ಹುಟ್ಟುತ್ತದೆಯೇ ವಿನಾ ಆರೋಗ್ಯ ಹುಟ್ಟುವುದಿಲ್ಲ.

ಮೂರನೆಯದಾಗಿ, ಕಸವನ್ನು ಎತ್ತುವಾಗಲೇ ವಿಂಗಡಿಸಿ. ಹಸಿಕಸ, ಒಣಕಸಗಳನ್ನು ಬೇರೆಬೇರೆ ಚೀಲಗಳಿಗೆ ತುಂಬಬೇಕು. ನೀರು ನಿಲ್ಲುವ ಚಿಪ್ಪು, ಕಪ್ಪುಗಳನ್ನು ಮಗುಚಿ ನೀರು ಚೆಲ್ಲಿ, ಅನಂತರವೇ ಚೀಲಕ್ಕೆ ಹಾಕಬೇಕು. ನೀರನ್ನು ಚರಂಡಿಗೆ ಚೆಲ್ಲದೆ ಒಣ ನೆಲದ ಮೇಲೆ ಚೆಲ್ಲಿದರೆ ಹುಳುಗಳು ಒಣಗಿ ಸಾಯುತ್ತವೆ. ಮನೆಗಳಲ್ಲಿಯೂ ಇದೇ ವಿಂಗಡಣೆಯನ್ನು ರೂಢಿಸಿಕೊಳ್ಳತಕ್ಕದ್ದು. ಜಾಗವಿದ್ದವರು ಹಸಿಕಸದಿಂದ ಗೊಬ್ಬರ ತಯಾರಿಸಿದರೆ ಬೀದಿಗೆ ಬರುವ ಕಸ ಬಹಳಷ್ಟು ತಗ್ಗುತ್ತದೆ.

ನಾಲ್ಕನೆಯದಾಗಿ, ಕಸಕ್ಕೆ ಬೆಂಕಿ ಹಚ್ಚಬೇಡಿ. ಒಂದು ಕಡ್ಡಿ ಗೀರಿದರೆ ರಾಶಿ ಕರಗುತ್ತದೆ ಎಂಬುದು ಸುಲಭೋಪಾಯವಾಗಿ ತೋರಬಹುದು. ಆದರೆ ಸುಡುವ ಪ್ಲಾಸ್ಟಿಕ್ಕಿನ ಹೊಗೆಯಲ್ಲಿ ಡಯಾಕ್ಸಿನ್‌ನಂತಹ ವಿಷಗಳಿವೆ. ಉಬ್ಬಸದವರಿಗೆ, ಎಳೆಯ ಮಕ್ಕಳಿಗೆ, ಗರ್ಭಿಣಿಯರಿಗೆ ಅದು ಬಹಳ ಕೆಟ್ಟದ್ದು.

ಐದನೆಯದಾಗಿ, ಶುಚಿಯಾದ ಮೂಲೆಯಲ್ಲಿ ಒಂದು ಗಿಡವನ್ನೋ ಕುಳಿತುಕೊಳ್ಳಲು ಒಂದು ಕಲ್ಲುಚಪ್ಪಡಿಯನ್ನೋ ಇಡಿ, ರಂಗೋಲಿಯನ್ನಾದರೂ ಹಾಕಿ. ಜನರು ಬಳಸುವ ಸ್ಥಳಕ್ಕೆ ಕಸ ಎಸೆಯಲು ಎಂತಹವರಿಗೂ ಕೈ ಹಿಂಜರಿಯುತ್ತದೆ. ಗಿಡದ ಕುಂಡದ ತಟ್ಟೆಯಲ್ಲಿ ನೀರು ನಿಲ್ಲದಂತೆ ಮಾತ್ರ ನೋಡಿಕೊಳ್ಳಿ.

ಕೊನೆಯದಾಗಿ, ವಾರವನ್ನೂ ಗಂಟೆಯನ್ನೂ ಬದಲಾಯಿಸಬೇಡಿ. ಎಂಟು ಮಂದಿ ಬಂದರೂ ಸರಿ, ನಾಲ್ವರೇ ಬಂದರೂ ಸರಿ, ನಿಗದಿಯಾದ ಹೊತ್ತಿಗೆ ಕೆಲಸ ಆರಂಭವಾಗಬೇಕು. ಬಂದವರ ಹೆಸರನ್ನು ಬರೆಯುವುದಕ್ಕಿಂತ ಹುಳು ಸಿಕ್ಕ ಸ್ಥಳಗಳನ್ನು ಬರೆಯಿರಿ. ಆ ಪಟ್ಟಿ ವಾರದಿಂದ ವಾರಕ್ಕೆ ಚಿಕ್ಕದಾಗುತ್ತಾ ಬಂದರೆ ನಿಮ್ಮ ಶ್ರಮ ಫಲಿಸುತ್ತಿದೆಯೆಂದು ತಿಳಿಯಬಹುದು.

ವಹಿಸಬೇಕಾದ ಎಚ್ಚರಿಕೆ

ಬರಿಗೈಯಿಂದ ಕಸ ಮುಟ್ಟಬಾರದು. ದಪ್ಪನೆಯ ರಬ್ಬರಿನ ಕೈಗವಸು, ಪಾದ ಮುಚ್ಚುವ ಬೂಟು ಅಗತ್ಯ. ಚೀಲದೊಳಗೆ ಕೈಹಾಕಿ ಕಸವನ್ನು ಅದುಮಬಾರದು. ಒಡೆದ ಗಾಜು, ಬ್ಲೇಡುಗಳನ್ನು ದಪ್ಪ ಕಾಗದದಲ್ಲಿ ಸುತ್ತಿ ಬೇರೆಯಾಗಿಡಬೇಕು. ಚುಚ್ಚುಮದ್ದಿನ ಸೂಜಿ ಕಂಡರೆ ಮುಚ್ಚಳ ಹಾಕಲು ಹೋಗದೆ, ಇಕ್ಕಳದಿಂದ ಎತ್ತಿ ಗಟ್ಟಿ ಡಬ್ಬಿಯೊಳಗೆ ಹಾಕಿ ಆರೋಗ್ಯ ಸಿಬ್ಬಂದಿಗೆ ತಿಳಿಸಿ. ಸೂಜಿಯಾಗಲಿ ತುಕ್ಕು ಹಿಡಿದ ತಗಡಾಗಲಿ ಚುಚ್ಚಿದರೆ ಗಾಯವನ್ನು ಸೋಪು ನೀರಿನಿಂದ ತೊಳೆದು ಅಂದೇ ಆಸ್ಪತ್ರೆಗೆ ಬನ್ನಿ. ಧನುರ್ವಾಯು ನಿರೋಧಕ ಚುಚ್ಚುಮದ್ದು ಸರ್ಕಾರಿ ಆಸ್ಪತ್ರೆಗಳಲ್ಲಿ ದೊರೆಯುತ್ತದೆ. ಧೂಳು ಏಳದಂತೆ ನೀರು ಚಿಮುಕಿಸಿ ಗುಡಿಸಿ. ಪೊದೆಗಳಲ್ಲಿ, ಕಲ್ಲುರಾಶಿಯಲ್ಲಿ ಹಾವು ಚೇಳುಗಳಿರಬಹುದು. ಆದುದರಿಂದ ಮೊದಲು ಕೋಲಿನಿಂದ ಅಲ್ಲಾಡಿಸಿ ನೋಡಿ. ಗರ್ಭಿಣಿಯರು ಕಸ ಎತ್ತುವ ಕೆಲಸಕ್ಕೆ ಇಳಿಯುವುದು ಬೇಡ. ಮಕ್ಕಳಿಗೆ ಮನೆಮನೆಗೆ ತಿಳಿಸಿ ಬರುವ, ಪಟ್ಟಿ ಬರೆಯುವ ಕೆಲಸ ಕೊಡಿ. ಕೆಲಸ ಮುಗಿದ ಮೇಲೆ ಎಲ್ಲರೂ ಸೋಪಿನಿಂದ ಕೈಕಾಲು ತೊಳೆದು ಬಟ್ಟೆ ಬದಲಾಯಿಸಬೇಕು.

ಒಳಚರಂಡಿಯ ಗುಂಡಿಗೆ, ಶೌಚಗುಂಡಿಗೆ ಯಾರೂ ಇಳಿಯಬಾರದು, ಇತರರನ್ನೂ ಇಳಿಸಬಾರದು. ಅಲ್ಲಿನ ವಿಷಾನಿಲ ಕ್ಷಣಮಾತ್ರದಲ್ಲಿ ಪ್ರಾಣ ತೆಗೆಯುತ್ತದೆ. ರಕ್ಷಣಾ ಸಲಕರಣೆಗಳಿಲ್ಲದೆ ಅಂತಹ ಕೆಲಸಕ್ಕೆ ಜನರನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ.

ಪೌರಕಾರ್ಮಿಕರು ಮತ್ತು ಕಾನೂನು

ನಮ್ಮ ಶ್ರಮದಾನ ಪೌರಕಾರ್ಮಿಕರ ಕೆಲಸಕ್ಕೆ ಬದಲಿಯಲ್ಲ. ವಾರಕ್ಕೊಂದು ಗಂಟೆ ನಾವು ಬಗ್ಗಿ ಎತ್ತಿದರೆ ಸೊಂಟ ನೋಯುತ್ತದೆ. ಅವರು ದಿನವೂ ಬಗ್ಗುತ್ತಾರೆ. ನಾವು ವಿಂಗಡಿಸದೆ ಎಸೆದ ಕಸವನ್ನು ಮತ್ತೊಬ್ಬ ಮನುಷ್ಯರು ಕೈಯಿಂದ ಕೆದಕಿ ಬೇರ್ಪಡಿಸಬೇಕಾಗುತ್ತದೆ. ಮಗುವಿನ ಡೈಪರು, ಸ್ಯಾನಿಟರಿ ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ, ಗುರುತು ಹಾಕಿ ಬೇರೆಯಾಗಿ ಕೊಡುವುದು ಅವರಿಗೆ ನಾವು ತೋರಿಸಬೇಕಾದ ಕನಿಷ್ಠ ಗೌರವ. ಗಾಡಿ ಬಾರದ ದಿನಗಳನ್ನು ಬರೆದಿಟ್ಟು ಕಚೇರಿಗೆ ತಿಳಿಸುವುದೂ ನಾಗರಿಕರ ಹಕ್ಕು. ಶ್ರಮದಾನ ಮಾಡುವವರ ದೂರಿಗೆ ತೂಕ ಹೆಚ್ಚು.

ಕಾನೂನಿನ ಬೆಂಬಲವೂ ಇದೆ. ಡೆಂಗಿ ಪ್ರಕರಣಗಳು ಹೆಚ್ಚಿದ ಕಾರಣ 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಸೊಳ್ಳೆ ಬೆಳೆಯಲು ಎಡೆಗೊಡುವ ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಗ್ರಾಮೀಣ ಪ್ರದೇಶದಲ್ಲಿ 200 ರೂಪಾಯಿ ದಂಡವನ್ನು ಆಗ ಗೊತ್ತುಪಡಿಸಿತು. ವಾಣಿಜ್ಯ ಸಂಸ್ಥೆಗಳಿಗೆ, ಖಾಲಿ ನಿವೇಶನ ಹಾಗೂ ಕಟ್ಟಡ ಕಾಮಗಾರಿಯ ಸ್ಥಳಗಳಿಗೆ ದಂಡ ಇನ್ನೂ ಹೆಚ್ಚು. ನಿವೇಶನದ ಮಾಲೀಕರು ಬೇರೆ ಊರಿನಲ್ಲಿದ್ದರೆ ಅವರಿಗೆ ಪತ್ರ ಬರೆಯಲು, ಕಚೇರಿಯಿಂದ ನೋಟೀಸು ಕೊಡಿಸಲು ಇದು ಸಹಾಯಕ. ಆದರೂ ದಂಡಕ್ಕಿಂತ ಮೊದಲು ಮಾತುಕತೆ ನಡೆಯಲಿ. ಅಜ್ಜಿಯ ಮಾತನ್ನು ಮರೆಯಬಾರದು.

ಜ್ವರ ಬಂದಾಗ

ಇಷ್ಟೆಲ್ಲ ಮಾಡಿದರೂ ಜ್ವರ ಬರಬಹುದು. ಆಗ ಅಂಗಡಿಯಿಂದ ಮಾತ್ರೆ ತಂದು ನುಂಗಿ ಕಾಲ ಕಳೆಯದೆ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳು ಡೆಂಗಿಯಲ್ಲಿ ರಕ್ತಸ್ರಾವವನ್ನು ಹೆಚ್ಚಿಸಬಹುದು. ನೀರು, ಗಂಜಿ, ಎಳನೀರು, ಮಜ್ಜಿಗೆಗಳನ್ನು ಧಾರಾಳವಾಗಿ ಕೊಡಿ. ಡೆಂಗಿಯ ಅಪಾಯ ಅನೇಕ ವೇಳೆ ಜ್ವರ ಇಳಿಯುವ ಹೊತ್ತಿನಲ್ಲಿ, ಮೂರರಿಂದ ಏಳನೆಯ ದಿನದ ನಡುವೆ ತಲೆದೋರುತ್ತದೆ. ಜ್ವರ ಬಿಟ್ಟಿತೆಂದು ನಿರಾಳವಾಗಿರುವಾಗ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಿಂದ ರಕ್ತ, ಮಂಪರು, ಮೂತ್ರ ಕಡಿಮೆಯಾಗುವುದು ಇವುಗಳಲ್ಲಿ ಯಾವುದು ಕಂಡರೂ ರಾತ್ರಿಯೆಂದು ನೋಡದೆ ಆಸ್ಪತ್ರೆಗೆ ಕರೆತನ್ನಿ. ಗರ್ಭಿಣಿಯರ ಮತ್ತು ಎಳೆಯ ಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು. ಈಡಿಸ್ ಸೊಳ್ಳೆ ಹಗಲು ಕಚ್ಚುವುದರಿಂದ ಹಗಲು ಮಲಗುವ ಕೂಸುಗಳಿಗೂ ಸೊಳ್ಳೆಪರದೆ ಕಟ್ಟಿ. ಜ್ವರದ ರೋಗಿಯನ್ನೂ ಪರದೆಯೊಳಗೆ ಮಲಗಿಸಿದರೆ ರೋಗ ಇತರರಿಗೆ ಹರಡುವುದು ತಪ್ಪುತ್ತದೆ.

ಸೋದರ ಸೋದರಿಯರೇ,

ಕುಟುಂಬದ ಕ್ಷೇಮವೆಂದರೆ ಚುಚ್ಚುಮದ್ದು, ಪೌಷ್ಟಿಕ ಆಹಾರ, ಸುರಕ್ಷಿತ ಹೆರಿಗೆ ಎಂದು ನಾವು ಮತ್ತೆಮತ್ತೆ ಹೇಳುತ್ತೇವೆ. ಅವೆಲ್ಲವೂ ಮನೆಯೊಳಗಿನ ಏರ್ಪಾಡುಗಳು. ಮನೆ ಬೀದಿಯ ಮೇಲೆ ನಿಂತಿದೆ. ಒಂದು ಬೀದಿಯಲ್ಲಿ ನಲವತ್ತು ಮನೆಗಳಿದ್ದರೆ, ಮನೆಗೊಬ್ಬರಂತೆ ವಾರಕ್ಕೊಂದು ಗಂಟೆ ಕೊಟ್ಟರೆ ನಲವತ್ತು ಗಂಟೆಗಳ ದುಡಿಮೆಯಾಯಿತು. ಯಾವ ಪುರಸಭೆಯೂ ಒಂದು ಬೀದಿಗೆ ಇಷ್ಟು ಕೈಗಳನ್ನು ಕಳುಹಿಸಲಾರದು. ಬರುವ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಆರೋಗ್ಯ ನಿರೀಕ್ಷಕರೂ ಆಶಾ ಕಾರ್ಯಕರ್ತೆಯರೂ ನಾನೂ ನಿಮ್ಮ ಬೀದಿಯ ತುದಿಯಲ್ಲಿ ಇರುತ್ತೇವೆ. ಹುಳು ನೋಡಲು ಒಂದು ಬಿಳಿಯ ತಟ್ಟೆಯನ್ನು ನಾವು ತರುತ್ತೇವೆ. ಪೊರಕೆ, ಗುದ್ದಲಿ, ಬಾಂಡ್ಲಿಗಳನ್ನು ನೀವು ತನ್ನಿ. ಪಕ್ಕದ ಮನೆಯವರನ್ನೂ ಜೊತೆಗೆ ಕರೆದುಕೊಂಡು ಬನ್ನಿ.